ಸುಸ್ವಾಗತ ಬರೆದ ಹಾಳೆ

ಬಾಗಲಕೋಟೆಯ ತರಬೇತಿಯಲ್ಲಿ ಎರಡು ದಿನ ಕೂಡಿಸಿ ನಮಗೆ ಕಲಿಸಿದ್ದು ಇಷ್ಟೇ: ಇನ್ನು ಮೇಲೆ ಮಕ್ಕಳು, ಮಾಸ್ತರರು ಎಲ್ಲರೂ ಒಂದೇ ಆನ್‌ಲೈನ್ ಹಾಳೆಯಲ್ಲಿ ಬರೆಯಬೇಕು. ಕಲಿಸಿದವನು ಬಾಯಿ ತೆರೆದರೆ ಲಿಂಕು, ಮುಚ್ಚಿದರೆ ಶೇರು. ನಾನು ಸಮೋಸಾ ತಿಂದು, ಸಹಿ ಹಾಕಿ, ಪ್ರಮಾಣಪತ್ರ ಹಿಡಿದುಕೊಂಡು ಇಳಕಲ್ಲಿಗೆ ವಾಪಸು ಬಂದೆ. ಕಲಿತದ್ದರಲ್ಲಿ ಅರ್ಧ ಹುನಗುಂದ ದಾಟುವಷ್ಟರಲ್ಲಿ ಮರೆತುಹೋಗಿತ್ತು. ಉಳಿದರ್ಧ ತಲೆಗೆ ಹತ್ತಿರಲೇ ಇಲ್ಲ.

ನಮ್ಮ ಶಾಲೆಯ ನಲ್ಲಿಗೆ ತಿರುಪು ಇರಲಿಲ್ಲ, ಚಿಂದಿ ಕಟ್ಟಿದ್ದೆವು. ಪ್ರೊಜೆಕ್ಟರಿಗೆ ಮಾತ್ರ ಕಸೂತಿ ಹಾಕಿದ ಹೊದಿಕೆ. ಈ ವೈಭವಕ್ಕೆ ತಕ್ಕಂತೆ ನಾನೂ ಒಂಬತ್ತನೆಯ ತರಗತಿಗೆ ‘ನಮ್ಮ ಮನೆಯ ಕೆಲಸ’ ಎಂಬ ವಿಷಯ ಕೊಟ್ಟು ಲಿಂಕು ಕಳಿಸಿದೆ. ಚೆನ್ನಾಗಿ ಬರೆದವರು ತಪಾಸಣೆಗೆ ಬರುವ ಸಾಹೇಬರ ಮುಂದೆ ಓದಬೇಕು ಎಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ತರಗತಿಯಲ್ಲಿ ತುಟಿ ಪಿಟಕ್ಕೆನ್ನದವಳು, ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: “ಸರ್, ನಂದು ಚಲೋ ಆದ್ರ ನಾನಽ ಓದ್ಲೇನ್ರಿ? ನಮ್ಮವ್ವನ್ನ ಕರ್ಕೊಂಡ್ ಬರ್ತೇನ್ರಿ. ಆಕಿ ಮ್ಯಾಲಽ ಬರಿಯಾಕತ್ತೇನಿ.”

ಅವಳ ತಾಯಿ ಮನೆಯಲ್ಲೇ ಮಗ್ಗ ಹಾಕಿಕೊಂಡು ಸೀರೆ ನೇಯುವವಳು.

“ಆತು, ಕರ್ಕೊಂಡ್ ಬಾ” ಎಂದೆ. ಹಾಳೆ ತೆರೆದು ಅವಳು ಬರೆದದ್ದನ್ನು ಓದಬೇಕು ಎಂದು ನನಗೆ ಅನಿಸಲೇ ಇಲ್ಲ.

ತಪಾಸಣೆಯ ಹಿಂದಿನ ದಿನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಮೇಲೆಯೇ ಗುಲಾಬಿ ಹೂಗಳು, ಕೈಮುಗಿದ ಚಿತ್ರಗಳು, ‘ಹಾಯ್ ಸರ್’ಗಳು. ಕೆಳಗೆ ಸರಿಸಿ ನೋಡುವಷ್ಟು ತಾಳ್ಮೆ ಯಾರಿಗಿದೆ? ಮೂವತ್ತು ವರ್ಷದಿಂದ ನನ್ನದು ಒಂದೇ ಶಿಸ್ತು. ಸಾಹೇಬರು ಬರುತ್ತಾರೆಂದರೆ ಬೋರ್ಡು ಚೊಕ್ಕಟ ಒರೆಸಿ, ನಡುವೆ ದೊಡ್ಡದಾಗಿ ‘ಸುಸ್ವಾಗತ’ ಬರೆಯುವುದು. ಇಲ್ಲಿಯೂ ಅದನ್ನೇ ಮಾಡಿದೆ. ಇದ್ದದ್ದನ್ನೆಲ್ಲ ಒರೆಸಿ ‘ಸುಸ್ವಾಗತ’ ಹಾಕಿ, ಅದಕ್ಕೆ ಬಣ್ಣವನ್ನೂ ಕೊಟ್ಟೆ. ಬೋರ್ಡು ಒರೆಸಿದರೆ ಮಕ್ಕಳ ನೋಟುಬುಕ್ಕಿನಲ್ಲಿ ಇದ್ದದ್ದು ಹೋಗುತ್ತದೆಯೇ? ಹಾಗೆಯೇ ಅವರವರದು ಅವರವರ ಫೋನಿನಲ್ಲಿ ಇದ್ದೇ ಇರುತ್ತದೆ ಎಂಬುದು ನನ್ನ ಪಾಂಡಿತ್ಯ.

ಮರುದಿನ ಸಾಹೇಬರು ಬಂದರು. ಬಾಗಿಲ ಬಳಿ ಹುಡುಗಿಯ ತಾಯಿ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಮಗ್ಗದ ಕೆಲಸ ಬಿಟ್ಟು ಬಂದಿದ್ದಳು. ನಾನು ಗತ್ತಿನಿಂದ ಪ್ರೊಜೆಕ್ಟರ್ ಹಚ್ಚಿ ಹುಡುಗಿಯನ್ನು ಕರೆದೆ. ಗೋಡೆಯ ಮೇಲೆ ‘ಸುಸ್ವಾಗತ’ ಬಿಟ್ಟರೆ ಏನೂ ಇರಲಿಲ್ಲ.

“ಓದು” ಎಂದೆ.

“ಇದರಾಗಽ ಬರದಿದ್ನಿರಿ. ಈಗ ಇಲ್ರಿ.”

“ಬರದಿದ್ರ ಎಲ್ಲಿ ಹೋತು? ಗಾಳಿಗೆ ಹಾರಿ ಹೋತೇನು? ನಿನ್ನ ಫೋನಿನಾಗರ ಇರಬೇಕಲ್ಲ?”

“ಎಲ್ಲಾರದೂ ಒಂದಽ ಹಾಳಿ ಐತ್ರಿ ಸರ್.”

“ಸುಳ್ಳ ಹೇಳಬ್ಯಾಡ!” ಎಂದು ಗದರಿದೆ. ಸಾಹೇಬರೆದುರು ನನ್ನ ಮಾನ ಹೋಗುತ್ತಿದೆ ಎಂಬ ಸಿಟ್ಟು ಅದು, ಬೇರೇನಲ್ಲ.

ತಾಯಿ ಒಳಗೆ ಬಂದಳು. ಮಾಸ್ತರರು ಹೇಳಿದ ಮೇಲೆ ಮುಗಿಯಿತು ಎಂದು ನಂಬುವ ಜನ. “ಯಾಕವ್ವಾ, ಸರ್ ಮುಂದ ಸುಳ್ಳ ಹೇಳ್ತಿ?” ಎಂದಳು.

ನಾನು ಗದರಿದಾಗ ಅಳದ ಹುಡುಗಿಯ ಕಣ್ಣು ಆಗ ತುಂಬಿತು. ಆದರೂ ನೇರ ಲ್ಯಾಪ್‌ಟಾಪಿನ ಬಳಿ ಬಂದು ಎಲ್ಲೋ ಎರಡು ಕಡೆ ಒತ್ತಿದಳು. ಆ ಹಾಳೆ ತನ್ನ ಹಿಂದಿನದೆಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ ಎಂಬುದು ನನಗೆ ತರಬೇತಿಯಲ್ಲಿ ಹೇಳಿದ್ದರೂ ಗೊತ್ತಿರಲಿಲ್ಲ. ಗೋಡೆಯ ಮೇಲೆ ಅವಳ ಬರಹ ಮೂಡಿತು. ಪಕ್ಕದಲ್ಲಿ ನನ್ನ ಹೆಸರು, ಒರೆಸಿದ ದಿನ, ಒರೆಸಿದ ಹೊತ್ತು.

ಸಾಹೇಬರು ಕೆಮ್ಮಿದರು. “ಟೆಕ್ನಿಕಲ್ ಪ್ರಾಬ್ಲಮ್, ಆಗ್ತಿರ್ತಾವ” ಎಂದರು. ನಾಚಿಕೆಗೇಡಿ ನಾನು, ಅದಕ್ಕೂ ಹೌದೆಂದು ತಲೆಯಾಡಿಸಿದೆ.

ಓದು ಬಾರದ ತಾಯಿ ಗೋಡೆಯನ್ನೇ ನೋಡುತ್ತಿದ್ದಳು. “ಏನ್ ಬರದಾಳ್ರಿ ಸರ್?” ಎಂದು ಕೇಳಿದಳು. ಓದಿ ಹೇಳಬೇಕಾದವಳು ಮುಖ ತಿರುಗಿಸಿ ನಿಂತಿದ್ದಳು. ಹೀಗಾಗಿ ಆ ಬರಹವನ್ನು ಮೊದಲ ಸಲ ನಾನೇ ಓದಿದೆ, ಗಟ್ಟಿಯಾಗಿ, ಎಲ್ಲರೆದುರು: ‘ನಮ್ಮವ್ವ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾಳೆ. ಎಳೆ ತಪ್ಪಿದರೆ ಯಾರಿಗೂ ಬೈಯುವುದಿಲ್ಲ. ತಾನೇ ಬಿಚ್ಚಿ ಮತ್ತೆ ಹಾಕುತ್ತಾಳೆ.’

ಅಲ್ಲಿಗೇ ನಿಲ್ಲಿಸಿ ತಾಯಿಯ ಕಡೆ ತಿರುಗಿದೆ. “ಒರಿಸಿದಾಂವ ನಾನಽ ತಂಗಿ. ಆಕಿ ಖರೇನಽ ಬರದಿದ್ಲು” ಎಂದೆ.

ತಾಯಿ ನನ್ನ ಕಡೆ ನೋಡಲೂ ಇಲ್ಲ. ಮಗಳ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡಳು.

“ನಾನೂ ನಿನ್ನ ಸುಳ್ಳಿ ಅಂದ್ನಲ್ಲವ್ವಾ” ಎಂದಳು.