ಪಾಲಾದ ಗಾಡಿ

ನಮ್ಮೂರಿನ ಹಿರಿಯರು ಜಗಲಿಯ ಮೇಲೆ ಕೂತು ಎಂತೆಂಥದನ್ನೋ ಪಾಲು ಮಾಡಿದ್ದಾರೆ. ಬಾವಿಯ ನೀರನ್ನು ಸರದಿ ಹಾಕಿ ಹಂಚಿದ್ದಾರೆ, ಹಲಸಿನ ಮರದ ಕೊಂಬೆ ಕೊಂಬೆಯನ್ನೂ ಬೇರೆ ಬೇರೆಯವರಿಗೆ ಬರೆದುಕೊಟ್ಟಿದ್ದಾರೆ. ಆದರೆ ಮೋಟಾರ್ ಸೈಕಲ್ಲನ್ನು ಪಾಲು ಮಾಡಿದ್ದು ನಮ್ಮ ಮನೆಯಲ್ಲೇ ಮೊದಲು. ಅದೇ ಕೊನೆಯೂ ಆಗಲಿ ಎಂದು ನನ್ನ ಹಾರೈಕೆ.

ಕೆ.ಆರ್. ನಗರದ ಹತ್ತಿರದ ಹಳ್ಳಿ ನನ್ನ ತವರು. ನಾಲೆ ನೀರಿನ ಗದ್ದೆ. ಮಕ್ಕಳು ಎಂದರೆ ಅಣ್ಣ ಮತ್ತು ನಾನು, ಇಬ್ಬರೇ. ನನ್ನನ್ನು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಆಸ್ತಿಯ ಮಾತು ಬಂದಾಗ, ಗದ್ದೆ ನನಗೆ ಬೇಡ, ಎಲ್ಲಿ ಹೇಳುತ್ತೀರೋ ಅಲ್ಲಿ ಸಹಿ ಹಾಕುತ್ತೇನೆ, ಅಪ್ಪನ ಗಾಡಿ ಮಾತ್ರ ನನಗೆ ಕೊಡಿ ಎಂದೆ. ಜಗಲಿಯೆಲ್ಲ ನಕ್ಕಿತು. ಅಣ್ಣ ಮಾತ್ರ ನಗಲಿಲ್ಲ.

“ಅಪ್ಪನ್ ಗಾಡೀನ ಎಣ್ಮಗಳ ಕೈಗೆ ಕೊಟ್ಬುಟ್ಟು ನಾನು ಊರಲ್ಲಿ ತಲೆ ಎತ್ಕೊಂಡು ತಿರುಗ್ಬೇಕಾ?” ಎಂದ.

ನನ್ನದೂ ಸುಮ್ಮನಿರುವ ಬಾಯಲ್ಲ. “ಗಾಡಿ ಇಲ್ದಿದ್ರೆ ಎತ್ತಕ್ಕಾಗ್ದಿರೋ ತಲೆ ಎಂಥ ತಲೆ ಕಣಣ್ಣ?” ಎಂದುಬಿಟ್ಟೆ.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹಿರಿಯರಲ್ಲಿ ಒಬ್ಬರು ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು. “ಇಬ್ರಿಗೂ ಬ್ಯಾಸ್ರ ಆಗ್ಬಾರ್ದು. ಇಂಜಿನ್ ಅವನ್ಗೆ, ಮಿಕ್ಕಿದ್ದು ಮಗಳಿಗೆ. ಸಮಪಾಲು ಆಯ್ತಲ್ಲ?” ಎಲ್ಲರೂ ತಲೆಯಾಡಿಸಿದರು. ನಾವಿಬ್ಬರಲ್ಲಿ ಒಬ್ಬರಾದರೂ ಬೇಡ ಎನ್ನಬೇಕಿತ್ತು. ಯಾರೂ ಅನ್ನಲಿಲ್ಲ. ಸ್ಪ್ಯಾನರ್ ತರಿಸಿ ಅಂಗಳದಲ್ಲೇ ಬಿಚ್ಚಿಸಿದರು. ಇಂಜಿನ್ನು ತನ್ನ ಕಿಕ್ಕರ್ ಸಮೇತ ಗೋಣಿಚೀಲದ ಮೇಲೆ ಅಣ್ಣನ ಪಾಲಿಗೆ ಕೂತಿತು. ಚಾಸಿ, ಟ್ಯಾಂಕು, ಚಕ್ರಗಳು ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಜೊತೆ ನನ್ನ ಪಾಲಿಗೆ ಪಿರಿಯಾಪಟ್ಟಣದ ದಾರಿ ಹಿಡಿದವು.

ಅದು ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೆಯ ಗಾಡಿ. ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಬೇಕು. ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ ಒಂದು ಪುಟ್ಟ ಲೋಟ ಇರುತ್ತಿತ್ತು, ಅದೇ ಎಣ್ಣೆಯ ಅಳತೆ. ಆ ಮುಚ್ಚಳ ಹಿಡಿದುಕೊಳ್ಳುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಅಪ್ಪ ಎಣ್ಣೆ ಸುರಿಯುತ್ತಾ, “ಕಮ್ಮಿ ಆದ್ರೆ ಇಂಜಿನ್ ಕಚ್ಕಂಡು ನಿಂತೋಯ್ತದೆ ಕಣವ್ವ, ಸರ್ಯಾಗ್ ನೋಡು” ಎನ್ನುತ್ತಿದ್ದರು. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆಮೇಲೆ ನನ್ನನ್ನು ಟ್ಯಾಂಕಿನ ಮೇಲೆ, ಅವ್ವನನ್ನು ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದರು. ಕಾಲು ನೆಲಕ್ಕೆ ಮುಟ್ಟಲಿ, ಓಡಿಸುವುದನ್ನು ಕಲಿಸುತ್ತೇನೆ ಎಂದಿದ್ದರು. ನನ್ನ ಕಾಲು ನೆಲಕ್ಕೆ ಮುಟ್ಟುವ ಹೊತ್ತಿಗೆ ನನಗೆ ಗಂಡು ಹುಡುಕಲು ಅದೇ ಗಾಡಿಯಲ್ಲಿ ತಿರುಗುತ್ತಿದ್ದರು. ಆ ಬೇಜಾರು ನನ್ನಲ್ಲಿ ಈಗಲೂ ಇದೆ.

ಪಾಲಾದ ವರ್ಷದ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರಲಿಲ್ಲ. ನಮ್ಮ ಕಡೆ ಗೌರಿ ಹಬ್ಬಕ್ಕೆ ತವರಿನ ಮೊರ ಬಾರದ ಹೆಣ್ಣು ಎಂದರೆ ತವರೇ ಇಲ್ಲದವಳು ಎಂದು ಲೆಕ್ಕ. ಮರುವರ್ಷವೂ ಬರಲಿಲ್ಲ, ಅದರಾಚೆಯ ವರ್ಷವೂ ಇಲ್ಲ. ಅವ್ವ ಆಗೀಗ ಫೋನ್ ಮಾಡುತ್ತಿದ್ದಳು, ಅಣ್ಣನ ಸುದ್ದಿ ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಚಾಸಿ ಕೊಟ್ಟಿಗೆಯ ಮೂಲೆಯಲ್ಲಿತ್ತು. ಅದರ ಮುಂದಿನ ಚಕ್ರ, ಹ್ಯಾಂಡಲ್ ಎರಡನ್ನೂ ನನ್ನ ಗಂಡ ಸೊಪ್ಪು ಸಾಗಿಸುವ ತಳ್ಳುಗಾಡಿಗೆ ಹಾಕಿಕೊಂಡು ಮುರಿದೂ ಆಗಿತ್ತು.

ಒಂದು ದಿನ ಹೊಲದಿಂದ ಬರುತ್ತೇನೆ, ಗುಜರಿಯವನು ಚಾಸಿಯನ್ನು ಆಟೋಗೆ ಎತ್ತುತ್ತಿದ್ದಾನೆ. ನನ್ನ ಗಂಡನೇ ಕರೆಸಿದ್ದು. ನಾನು ತಲೆ ಮೇಲಿನ ಹೊರೆ ಎಸೆದು ಹೋಗಿ ಚಾಸಿಯ ಮೇಲೆ ಕೂತೆ.

“ಏಳೇ, ಇಂಜಿನ್ನೇ ಇಲ್ದಿರೋ ಗಾಡೀನ ಇಟ್ಕೊಂಡು ಏನ್ ಪೂಜೆ ಮಾಡ್ತೀಯಾ?” ಎಂದರು.

“ಓಡಿಸ್ತೀನಿ ಕಣ್ರೀ” ಎಂದೆ.

ಬಾಯಿಗೆ ಬಂದದ್ದನ್ನು ಆಡಿದ್ದೆ. ಆಡಿದ ಮೇಲೆ ಬಿಡುವುದು ನನ್ನ ಜಾಯಮಾನವಲ್ಲ. ಅಣ್ಣನ ಬಾಗಿಲಿಗೆ ಹೋಗಿ ಇಂಜಿನ್ ಕೇಳುವುದಿಲ್ಲ, ಆದರೆ ಗಾಡಿಯನ್ನು ಮತ್ತೆ ಕಟ್ಟಿಯೇ ಕಟ್ಟುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ಚಕ್ರ ಸಿಕ್ಕಿದ್ದು ಬೈಲಕುಪ್ಪೆಯಲ್ಲಿ. ಸ್ವೆಟರ್ ಅಂಗಡಿಯ ಹಿಂದೆ ಟಾರ್ಪಾಲಿನ ಕೆಳಗೆ ಅದೇ ಜಾತಿಯ, ಇಂಜಿನ್ ಇಲ್ಲದ ಗಾಡಿಯೊಂದು ಮಲಗಿತ್ತು. ಅಂಗಡಿಯ ಟಿಬೆಟನ್ ಅಜ್ಜ ಮೊದಲು ಕೊಡುವುದೇ ಇಲ್ಲ ಎಂದರು. ನಾನು ಮತ್ತೆ ಮತ್ತೆ ಹೋದೆ. ಕೊನೆಗೆ ಅವರೇ ಸ್ಪ್ಯಾನರ್ ಹಿಡಿದು ಮುಂದಿನ ಚಕ್ರ, ಹ್ಯಾಂಡಲ್ ಎರಡನ್ನೂ ಬಿಚ್ಚಿಕೊಟ್ಟು, “ಅಮ್ಮಾ, ಓಡಿದ್ರೆ ಒಂದ್ಸಲ ಇಲ್ಲಿಗೆ ತಗೊಂಡ್ ಬರ್ಬೇಕು. ಚಕ್ರ ತಿರುಗೋದು ನಾನು ನೋಡ್ಬೇಕು” ಎಂದರು. ಹೆಡ್‌ಲೈಟು ಯಾವುದೋ ಟ್ರ್ಯಾಕ್ಟರಿನದು. ಸೀಟಿಗೆ ರೆಕ್ಸಿನ್ ತಂದು ನಾನೇ ಹೊಲಿದೆ.

ಇಂಜಿನ್ನು ಸಿಕ್ಕಿದ್ದು ಸರಗೂರಿನ ಬಸ್ ನಿಲ್ದಾಣದ ಹತ್ತಿರ. ಕಬ್ಬಿನ ಹಾಲು ಮಾರುವವನೊಬ್ಬ ಅಂಥದೇ ಹಳೆಯ ಗಾಡಿಯೊಂದರ ಇಂಜಿನ್ನನ್ನು ಗಾಣಕ್ಕೆ ಕಟ್ಟಿ, ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡುತ್ತಿದ್ದ. ಈಗ ಕರೆಂಟಿನ ಮೋಟಾರ್ ಹಾಕಿಸಿಕೊಂಡು ಅದನ್ನು ತನ್ನ ತಳ್ಳುಗಾಡಿಯ ಅಡಿಗೆ ಸರಿಸಿದ್ದ. ತೆಗೆದುಕೊಂಡು ಬಂದೆ. ಎಷ್ಟು ತೊಳೆದರೂ ಇರುವೆ ಹತ್ತುವುದು ತಪ್ಪಲಿಲ್ಲ.

ಹುಣಸೂರಿನ ಮೆಕ್ಯಾನಿಕ್ ಎಲ್ಲವನ್ನೂ ಒಂದು ಸಲ ನೋಡಿ ನಕ್ಕುಬಿಟ್ಟ. “ಅಕ್ಕಾ, ಇದು ಗಾಡಿ ಅಲ್ಲ. ನಾಕೂರ್ ನೆಂಟ್ರು ಒಂದೇ ಮನೇಲಿ ಸೇರ್ಕೊಂಡಂಗೈತೆ. ಕೂರಲ್ಲ ಬುಡಿ.” ನಿಜಕ್ಕೂ ಕೂರಲಿಲ್ಲ. ಇಂಜಿನ್ನಿನ ತೂತು ಚಾಸಿಯ ತೂತಿಗೆ ಒಂದು ಬೆರಳಿನಷ್ಟು ತಪ್ಪುತ್ತಿತ್ತು. ಕತ್ತರಿಸಿ ಬೆಸುಗೆ ಹಾಕು ಎಂದೆ. ಚಾಸಿ ಹಾಳಾಗುತ್ತದೆ ಎಂದ. ಹಾಳಾದರೆ ನನ್ನದು ಎಂದೆ. ಅವನು ಬೇರೆ ಗಾಡಿ ಹಿಡಿದುಕೊಂಡರೆ ನಾನು ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ನನ್ನ ಕಾಟ ತಡೆಯಲಾರದೆ ಕೊನೆಗೂ ಕೂರಿಸಿದ.

ಟ್ಯಾಂಕಿನ ಬಣ್ಣದ ವಿಷಯದಲ್ಲಿ ನಾನೇ ಬುದ್ಧಿವಂತಿಕೆ ಮಾಡಲು ಹೋದೆ. ಬಣ್ಣ ಗಟ್ಟಿಯಾಗಿ ಕೂರಲು ಬಿಸಿಯಲ್ಲಿ ಒಣಗಿಸಬೇಕು ಎಂದು ಕೇಳಿದ್ದೆ. ಆಗ ನಮ್ಮ ಬ್ಯಾರನ್ನಿನಲ್ಲಿ, ಎಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಮನೆಯಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಇದಕ್ಕಿಂತ ಬಿಸಿ ಎಲ್ಲಿ ಸಿಗಬೇಕು ಎಂದುಕೊಂಡು, ಬರಿದು ಮಾಡಿ ತೊಳೆದಿದ್ದ ಟ್ಯಾಂಕಿಗೆ ಕಪ್ಪು ಬಣ್ಣ ಬಳಿದು ಸೊಪ್ಪು ಕಟ್ಟಿದ ಕಡ್ಡಿಗಳ ನಡುವೆ ನೇತುಹಾಕಿದೆ. ಬಾಗಿಲು ತೆಗೆದಾಗ ಅತ್ತೆ ಮೂಗು ಮುಚ್ಚಿಕೊಂಡರು.

“ಏನವ್ವಾ, ಒಗೆಸೊಪ್ಪು ಬೇಯ್ಸಿದ್ಯೋ ಪೇಂಟ್ ಬೇಯ್ಸಿದ್ಯೋ? ಈ ವಾಸ್ನೆ ಸೊಪ್ಪನ್ನ ಯಾವನ್ ತಗೊಂಡಾನು?”

ಟ್ಯಾಂಕಿನ ಒಂದು ಮಗ್ಗುಲಿಗೆ ಎಲೆಯೊಂದು ಬಿದ್ದು ಅಂಟಿಕೊಂಡು, ಕಿತ್ತರೆ ಅದರ ನರನರವೂ ಬಣ್ಣದಲ್ಲಿ ಅಚ್ಚಾಗಿತ್ತು. ಅತ್ತೆ ವಾರಗಟ್ಟಲೆ ಮಾತು ಬಿಟ್ಟರು. ಎಲೆಯ ಅಚ್ಚನ್ನು ನಾನು ಉಜ್ಜಿ ತೆಗೆಯಲಿಲ್ಲ, ಹಾಗೇ ಉಳಿಸಿಕೊಂಡೆ.

ಗಾಡಿಯೇನೋ ಎದ್ದು ನಿಂತಿತು. ಗಂಡನ ಬೈಕಿನಲ್ಲಿ ಗೇರು ಹಾಕುವುದನ್ನೂ ಕಲಿತಿದ್ದೆ. ಉಳಿದದ್ದು ಕಿಕ್ಕರ್ ಒಂದೇ. ಆ ಗಾಡಿಯಲ್ಲಿ ಒದ್ದು ಸ್ಟಾರ್ಟ್ ಮಾಡುವ ಲಿವರ್ರೇ ಮುಂದಕ್ಕೆ ಮಡಚಿದರೆ ಗೇರಿನ ಲಿವರ್. ಕಬ್ಬಿನ ಹಾಲಿನವನ ಇಂಜಿನ್ನಿಗೆ ಅದು ಇರಲಿಲ್ಲ. ಮೈಸೂರಿನಿಂದ ತರಿಸಿದ ಹೊಸ ಮಾದರಿಯದರ ಹಲ್ಲು ಕೂರಲಿಲ್ಲ. ಮೆಕ್ಯಾನಿಕ್ ಕಬ್ಬಿಣದ ತುಂಡೊಂದನ್ನು ಬಗ್ಗಿಸಿ ಬೆಸೆದುಕೊಟ್ಟ. ಅದು ಗೇರಿಗೆ ಆಗುತ್ತಿತ್ತು, ಒದ್ದರೆ ಜಾರುತ್ತಿತ್ತು. ಹಾಗಾಗಿ ದಿನಾ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಗಂಡ ಒಂದು ಕಡೆ, ಸಿಟ್ಟಿಳಿದಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಕಡೆ. ಊರವರು ನೋಡಿ ನಗುತ್ತಿದ್ದರು. ಇಷ್ಟೆಲ್ಲ ಹಠ ಹಿಡಿದು ಕಟ್ಟಿದ ಗಾಡಿಯನ್ನು ಒಬ್ಬಳೇ ಹೊರಡಿಸಲಾಗದಿದ್ದರೆ ಅದು ನನ್ನದು ಹೇಗಾಗುತ್ತದೆ? ಬೇಕಾದ ಕಿಕ್ಕರ್ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಕಳೆದ ಗೌರಿ ಹಬ್ಬದ ದಿನ ಬೆಳಿಗ್ಗೆ ಪೂಜೆ ಮುಗಿಸಿ ದಾರಿ ನೋಡಿದೆ. ಮೊರ ಬರಲಿಲ್ಲ. ಸಾಕಾಗಿ ಹೋಯಿತು. ಬಾಗಿನ ತರಬೇಕಾದವನು ಅಣ್ಣ, ತಂಗಿ ತಾನೇ ಹೋಗಿ ನಿಲ್ಲುವುದು ಪದ್ಧತಿಯಲ್ಲ. ಪದ್ಧತಿ ಕಟ್ಟಿಕೊಂಡು ಇನ್ನೆಷ್ಟು ವರ್ಷ ಕೂರಲಿ? ತಳ್ಳಿ ಎಂದೆ. ತಳ್ಳಿದರು. ಹುಣಸೂರು ದಾಟಿ ಕೆ.ಆರ್. ನಗರದ ದಾರಿಯಲ್ಲಿ ಎಲ್ಲಿಯೂ ನಿಲ್ಲಿಸದೆ ಹೋದೆ.

ಅಣ್ಣನ ಮನೆಯ ಮುಂದೆಯೂ ಇಂಜಿನ್ ಆರಿಸಲಿಲ್ಲ. ಆರಿಸಿದರೆ ತಳ್ಳಲು ಅವನನ್ನೇ ಕೇಳಬೇಕಲ್ಲ. ಅವ್ವ ಹೊರಗೆ ಬಂದು ಏನೋ ಹೇಳುತ್ತಿದ್ದಾಳೆ, ಸದ್ದಿನಲ್ಲಿ ಒಂದೂ ಕೇಳಿಸುತ್ತಿಲ್ಲ. ಹಿಂದೆಯೇ ಅಣ್ಣ ಬಂದ. ಕೂದಲು ಬೆಳ್ಳಗಾಗಿತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಮೇಲಿನ ಎಲೆಯನ್ನು ಬೆರಳಲ್ಲಿ ಮುಟ್ಟಿದ.

“ಆಫ್ ಮಾಡವ್ವ” ಎಂದ.

“ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ!” ಎಂದು ಕೂಗಿದೆ. “ಕಿಕ್ಕರ್ ನಿನ್ನತ್ರ ಅದೆ!”

ಅಷ್ಟು ವರ್ಷ ಕೇಳಬಾರದು ಎಂದುಕೊಂಡಿದ್ದನ್ನು ಬೀದಿಯಲ್ಲಿ ನಿಂತು ಕೂಗಿ ಕೇಳಿಬಿಟ್ಟಿದ್ದೆ. ಅಣ್ಣ ಕೈ ಚಾಚಿ ಕೀ ತಿರುಗಿಸಿದ. “ಮೊದ್ಲು ಉಣ್ಣು ಬಾ” ಎಂದು ಒಳಗೆ ಹೋದ.

ಒಬ್ಬಟ್ಟು ಬಡಿಸುತ್ತಾ ಅವ್ವ ಮೆಲ್ಲಗೆ ಹೇಳಿದಳು. “ವರ್ಷಾ ವರ್ಷಾ ಮೊರ ಕಟ್ತಾನೆ ಕಣವ್ವ. ಬಸ್ ಸ್ಟ್ಯಾಂಡ್ ಗಂಟ ಓಯ್ತಾನೆ, ವಾಪಸ್ ಬತ್ತಾನೆ. ಯಾಕ್ಲಾ ಅಂದ್ರೆ ಎದ್ದು ಗದ್ದೆಗೋಯ್ತಾನೆ. ಇವತ್ತೂ ಅಂಗೇ ಬಂದವ್ನೆ.”

ಉಂಡು ಕೈ ತೊಳೆದ ಮೇಲೆ ಅಣ್ಣ ಮೊರ ತಂದು ನನ್ನ ಮಡಿಲಿಗಿಟ್ಟ. ಮೇಲಿನ ಮೊರ ತೆಗೆದೆ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಹಸಿರು ಬಳೆ. ಬಳೆಗಳ ಪಕ್ಕದಲ್ಲಿ ಅಪ್ಪನ ಗಾಡಿಯ ಕಿಕ್ಕರ್. ಅಪ್ಪನ ಚಪ್ಪಲಿ ತಗುಲಿ ತಗುಲಿ ಅದರ ರಬ್ಬರು ಒಂದು ಕಡೆ ಸವೆದಿತ್ತು.

“ಇಂಜಿನ್?” ಎಂದೆ.

“ಇಂಜಿನ್ ಎಲ್ಲವ್ವ ಅದೆ? ಪಾಲಾದ್ ಮ್ಯಾಲೆ ನಾಲೆ ನೀರ್ ಎತ್ತಕ್ಕೆ ಪಂಪಿಗೆ ಕಟ್ದೆ. ಬರೀ ಪೆಟ್ರೋಲ್ ಉಯ್ದೆ. ಮೂರನೇ ದಿನಕ್ಕೆ ಕಚ್ಕಂತು. ಜಗಳ ಆಡಿ ಇಸ್ಕಂಡು ಸಾಯ್ಸ್‌ಬುಟ್ಟೆ. ಯಾವ ಮುಖ ಇಟ್ಕಂಡು ಬರ್ಲಿ?”

ನನಗೆ ಸಿಟ್ಟು ನೆತ್ತಿಗೇರಿತು. “ಅಪ್ಪ ಎಣ್ಣೆ ಬೆರೆಸ್ತಿದ್ದುದ್ನ ದಿನಾ ನೋಡ್ಲಿಲ್ವೇನಣ್ಣ?”

“ಎಷ್ಟು ಅಂತ ನೋಡ್ದೋಳು ನೀನು. ನಾನು ಸುಮ್ನೆ ಸೀಟಿನ್ ಮ್ಯಾಲೆ ಕೂತ್ಕತಿದ್ದೆ. ಮುಚ್ಚಳ ಟ್ಯಾಂಕಿನ್ ಜೊತೆ ನಿನ್ ಪಾಲಿಗ್ ಓಯ್ತಲ್ಲ. ನಿನ್ನ ಬಂದ್ ಕೇಳಕ್ಕೆ ಆಗ್ಲಿಲ್ಲ.”

ಸಿಟ್ಟು ಹಾಗೇ ಇಳಿದುಹೋಯಿತು. ಆಮೇಲೆ ಅಳು ಬಂತು. ಇಂಜಿನ್ನು ಅವನಿಗೆ, ಅಳತೆ ನನಗೆ. ಜಗಲಿಯ ಮೇಲೆ ಅಷ್ಟು ಜನ ಕೂತು ಸಮಪಾಲು ಎಂದಿದ್ದರು. ಕೇಳಬಾರದು ಎಂಬ ಹಠ ನನಗೊಬ್ಬಳಿಗೇ ಇರುವುದು ಎಂದು ನಾನು ತಿಳಿದಿದ್ದೆ.

ಅಂಗಳಕ್ಕೆ ಬಂದು ಬೆಸುಗೆಯ ತುಂಡು ಬಿಚ್ಚಿ ಕಿಕ್ಕರ್ ಕೂರಿಸಿದೆ. ಹಲ್ಲಿಗೆ ಹಲ್ಲು ಸರಿಯಾಗಿ ಹಿಡಿಯಿತು. ವಾಪಸ್ ಹೋಗಲು ಪೆಟ್ರೋಲ್ ಸಾಲದು. ಅಣ್ಣ ಕ್ಯಾನಿನಲ್ಲಿ ತಂದ, ಜೊತೆಗೆ ಎಣ್ಣೆಯನ್ನೂ. ನಾನು ಟ್ಯಾಂಕಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಎಣ್ಣೆ ಅಳೆದು ಸುರಿದ.

“ನಾನ್ ಒದೀಲಾ?” ಎಂದ.

“ಬ್ಯಾಡ ಕಣಣ್ಣ” ಎಂದು ನಾನೇ ಕಾಲಿಟ್ಟೆ. ಮೊದಲ ಒದೆತಕ್ಕೆ ಕೆಮ್ಮಿ ಸುಮ್ಮನಾಯಿತು. ಎರಡನೆಯದಕ್ಕೂ ಅಷ್ಟೇ. ಅಣ್ಣ ಹಿಂದಕ್ಕೆ ಹೋಗಿ ತಳ್ಳಲು ಕೈಯಿಟ್ಟ. ತೆಗಿ ಕೈಯ ಎಂದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಅಪ್ಪನ ಚಪ್ಪಲಿ ಸವೆಸಿದ್ದ ಜಾಗದಲ್ಲೇ ಪಾದವಿಟ್ಟು ಮೈಭಾರ ಬಿಟ್ಟು ಒದ್ದೆ. ಇಂಜಿನ್ ಹತ್ತಿಕೊಂಡಿತು.

ಅವ್ವ ಬಟ್ಟೆಯ ಚೀಲ ಹಿಡಿದು ಬಂದು, ಯಾರನ್ನೂ ಕೇಳದೆ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಳು. ಮಡಿಲಲ್ಲಿ ಮೊರ ಇಟ್ಟುಕೊಂಡಳು. ನಾನು ಕಿಕ್ಕರನ್ನು ಮುಂದಕ್ಕೆ ಮಡಚಿ ಗೇರು ಹಾಕಿದೆ. ಅವತ್ತು ಯಾರೂ ತಳ್ಳಲಿಲ್ಲ.