ಎರಡು ಗಂಟೆಗೊಮ್ಮೆ

ನಮ್ಮ ಯಜಮಾನರ ಮೂತ್ರದ ವಿಷಯ ಬರೆಯಲು ಕೂತಿದ್ದೇನೆ. ಅವರ ಅಕ್ಕನಿಗೆ ಗೊತ್ತಾದರೆ ಇನ್ನೊಂದು ಸಲ ನನ್ನ ಜೊತೆ ಮಾತು ಬಿಡುತ್ತಾರೆ. ಬಿಡಲಿ. ಹೋದ ವರ್ಷವೂ ಮೂರು ತಿಂಗಳು ಬಿಟ್ಟಿದ್ದರು, ಮನೆಯಲ್ಲಿ ಒಂದಿಷ್ಟು ನೆಮ್ಮದಿಯಿತ್ತು. ಬರೆಯಲಾ ಅಂತ ಯಜಮಾನರನ್ನೇ ಕೇಳಿದೆ. ಹೆಸರು ಹಾಕಬೇಡ, ಬಾಕಿದ್ದು ಏನಾದರೂ ಬರೆದುಕೋ ಅಂದರು. ಹಾಗಾಗಿ ಹೆಸರಿಲ್ಲ, ಬಾಕಿದ್ದೆಲ್ಲ ಇದೆ.

ಮೊದಲು ಕೆಂಪಗೆ ಹೋಗಲು ಶುರುವಾಯಿತು. ನಮ್ಮ ಕಡೆ ಅದಕ್ಕೆ ಒಂದೇ ಕಾರಣ, ಉಷ್ಣ. ಉಷ್ಣಕ್ಕೆ ಒಂದೇ ಔಷಧಿ, ಎಳನೀರು. ತೋಟದ ತುಂಬ ತೆಂಗು ಇಟ್ಟುಕೊಂಡು ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಓಡಿದರೆ ನಮ್ಮ ಕಂದಿಕೆರೆ ಕಡೆ ಜನ ನಗುತ್ತಾರೆ. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಎಳನೀರು ಕೆತ್ತಿ ಕೈಗೆ ಕೊಟ್ಟವಳು ನಾನೇ. ಒಂದು ವಾರ ತಿಳಿಯಾಗುತ್ತಿತ್ತು, ಮತ್ತೆ ಕೆಂಪು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಇದು ಕ್ಯಾನ್ಸರ್ ಗಡ್ಡೆ, ಮೂತ್ರಕೋಶವನ್ನೇ ತೆಗೆಯಬೇಕು ಅಂದಾಗ ನನಗೆ ಅಳು ಬರಲಿಲ್ಲ. ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸಣ್ಣ ಕರುಳಿನ ಒಂದು ತುಂಡು ಕತ್ತರಿಸಿ, ಅದನ್ನೇ ಚೀಲದ ಹಾಗೆ ಹೊಲಿದು, ಹಳೆಯ ಜಾಗದಲ್ಲಿ ಕೂರಿಸುತ್ತಾರಂತೆ. ಆದರೆ ತುಂಬಿದೆ ಅಂತ ಹೇಳುವ ಬುದ್ಧಿ ಆ ಹೊಸ ಚೀಲಕ್ಕಿರುವುದಿಲ್ಲ. ಗಡಿಯಾರ ನೋಡಿಕೊಂಡು ಎರಡು ಗಂಟೆಗೊಮ್ಮೆ ಹೋಗಬೇಕು, ಕೂತೇ ಹೋಗಬೇಕು, ಹೊಟ್ಟೆ ಅದುಮಿ ಪೂರ್ತಿ ಖಾಲಿ ಮಾಡಬೇಕು. ಬರಬರುತ್ತಾ ಮೂರು ಗಂಟೆ, ನಾಲ್ಕು ಗಂಟೆಗೆ ಏರಿಸಬಹುದು. ಅಲ್ಲಿಯವರೆಗೆ ಸೋರುತ್ತದೆ, ಪ್ಯಾಡ್ ಹಾಕಿಕೊಳ್ಳಬೇಕು. ನಮ್ಮ ಯಜಮಾನರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಒಣಗಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುವವರು. ಆ ವಿದ್ಯೆಗೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಾದವರು. ತಮ್ಮ ಹೊಟ್ಟೆಯೊಳಗೆ ತುಂಬಿದ್ದು ತಮಗೇ ತಿಳಿಯುವುದಿಲ್ಲ ಅನ್ನುವುದು ಅವರಿಗೆ ಕ್ಯಾನ್ಸರಿಗಿಂತ ದೊಡ್ಡ ಅವಮಾನವಾಗಿ ಕಂಡಿತು.

ಆಪರೇಷನ್ ಆದ ಮೇಲೆ ಮೂರು ವಾರ ಕೊಳವೆ ಹಾಕಿದ್ದರು. ಕರುಳಿಗೆ ಲೋಳೆ ಬಿಡುವ ಅಭ್ಯಾಸ. ಮೂತ್ರದ ಚೀಲವಾದ ಮೇಲೂ ಅದು ತನ್ನ ಬುದ್ಧಿ ಬಿಡುವುದಿಲ್ಲ. ಲೋಳೆ ಕಟ್ಟಿಕೊಳ್ಳದ ಹಾಗೆ ಸಿರಿಂಜಿನಲ್ಲಿ ಸಲೈನ್ ಬಿಟ್ಟು, ಎಳೆದು, ತೊಳೆಯಬೇಕು. ನರ್ಸ್ ಎರಡು ಸಲ ತೋರಿಸಿದಳು, ಮೂರನೆಯ ಸಲ ನಾನೇ ಮಾಡಿದೆ. ಊರಿಗೆ ಬಂದ ಮೇಲೂ ನಾನೇ ಮಾಡಿದೆ. ಹೆದರಿಕೆ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಇತ್ತು, ಅವರಿಗೆ ಕಾಣದಿರಲಿ ಅಂತ ಆ ಹೊತ್ತಿಗೆ ಸರಿಯಾಗಿ ಯಾವುದಾದರೂ ವಿಷಯಕ್ಕೆ ಜಗಳ ತೆಗೆಯುತ್ತಿದ್ದೆ.

ಕೊಳವೆ ತೆಗೆದ ಮೇಲೆ ಪ್ಯಾಡುಗಳ ಕಾಲ. ಅವರ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬುದ್ಧಿ ಹೇಳಿದರು. "ಗಂಡಸ್ರಿಗೆ ಇಂಥದ್ದು ಬಂದ್ರೆ ಮುಚ್ಕಬೇಕು ಕಣಮ್ಮ. ಊರೋರ ಬಾಯಿಗೆ ಯಾಕ್ ಕೊಡ್ತೀಯ?" ಪ್ಯಾಡನ್ನು ಗುರುತಿನವರಿರುವ ಚಿಕ್ಕನಾಯಕನಹಳ್ಳಿಯಲ್ಲಿ ತರಬೇಡ, ತುಮಕೂರಿಗೆ ಹೋದಾಗ ತಾ ಅಂದರು. ನಾನು ಮಾರನೆಯ ದಿನವೇ ಚಿಕ್ಕನಾಯಕನಹಳ್ಳಿಗೆ ಹೋದೆ. ಮೆಡಿಕಲ್ ಅಂಗಡಿಯವನು ಪೊಟ್ಟಣಕ್ಕೆ ಪೇಪರ್ ಸುತ್ತಿ, ಕಪ್ಪು ಕವರಿನೊಳಗೆ ಹಾಕಿದ. ವಯಸ್ಸಿನಲ್ಲಿ ನನಗೆ ತಿಂಗಳ ಮುಟ್ಟಿಗೆ ಬೇಕಾದದ್ದನ್ನೂ ಈ ಅಂಗಡಿಯವನ ಅಪ್ಪ ಹೀಗೇ ಸುತ್ತಿ ಕೊಡುತ್ತಿದ್ದರು. ಆಗ ತಲೆ ತಗ್ಗಿಸಿಕೊಂಡು ತಂದಿದ್ದೆ. ಈ ಸಲ ಪೇಪರನ್ನೂ ಕವರನ್ನೂ ಅಲ್ಲೇ ಬಿಚ್ಚಿ ಅವನ ಕೈಗೆ ಕೊಟ್ಟು, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತಿದ್ದಾಕೆ ಯಾರಿಗೆ ಅಂತ ಕೇಳಿದರು. ನಮ್ಮ ಯಜಮಾನರಿಗೆ ಅಂದೆ. ಆಕೆ ನನ್ನ ಕಡೆ ಬಾಗಿ, ನಮ್ಮವ್ವನಿಗೂ ಬೇಕು, ಯಾವ ಅಂಗಡಿ ಅಂತ ಕೇಳಿದರು. ಅಕ್ಕ ಮಾತು ಬಿಟ್ಟದ್ದು ಈ ಸುದ್ದಿ ಅವರಿಗೆ ತಲುಪಿದ ಮೇಲೆ.

ಸೋರುವುದು ನಿಲ್ಲಲು ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಮೂತ್ರ ತಡೆದುಕೊಳ್ಳುವವರ ಹಾಗೆ ಕೆಳಗೆ ಬಿಗಿ ಹಿಡಿಯುವುದು, ಹತ್ತು ಎಣಿಸುವುದು, ಬಿಡುವುದು. ಯಜಮಾನರಿಗೆ ಎಲ್ಲಿ ಬಿಗಿ ಹಿಡಿಯಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಹಲ್ಲು ಕಚ್ಚುತ್ತಿದ್ದರು, ಮುಷ್ಟಿ ಕಟ್ಟುತ್ತಿದ್ದರು, ಹುಬ್ಬು ಗಂಟು ಹಾಕುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇದಕ್ಕೆ ವ್ಯಾಯಾಮ ಅನ್ನುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹುಳಿಯಾರಿನ ನಮ್ಮ ತವರಿನಿಂದ ಇಲ್ಲಿಗೆ, ಇಲ್ಲಿಂದ ತಿಪಟೂರಿಗೆ, ಮದುವೆಯಾದಾಗಿನಿಂದ ಬಸ್ಸಿನಲ್ಲಿ ಕೂತು ಅದನ್ನೇ ಮಾಡಿಕೊಂಡು ಬಂದಿದ್ದೇನೆ.

ಎರಡು ತಿಂಗಳಲ್ಲಿ ಅವರು ತೋಟಕ್ಕೆ ಹೋಗಿ ಬರುವಷ್ಟಾದರು. ಆಗ ನೋಡಲು ಬಂದ ದಬ್ಬೇಘಟ್ಟದ ನೆಂಟರು ಎಳನೀರು ತಂದರು. ಮೂತ್ರದ ಕಾಯಿಲೆಯಲ್ಲವೇ, ಮತ್ತೇನು ತರುತ್ತಾರೆ? ಒಂದೇ ಸಲ ಹೆಚ್ಚು ಕುಡಿಯಬಾರದು, ಸ್ವಲ್ಪ ಸ್ವಲ್ಪವೇ ಕುಡಿಯಬೇಕು ಅಂತ ಡಾಕ್ಟರು ಇವರಿಗೆ ಹೇಳಿದ್ದರು. ನೆಂಟರೇ ಕೆತ್ತಿ ಕೈಗೆ ಕೊಟ್ಟಾಗ ಬೇಡ ಅನ್ನಲು ಯಜಮಾನರಿಗೆ ನಾಲಗೆ ಬರಲಿಲ್ಲ. ಒಂದಾದ ಮೇಲೆ ಇನ್ನೊಂದು ಕುಡಿದು ಜಗಲಿಯಲ್ಲಿ ಮಾತಿಗೆ ಕೂತರು. ಫೋನು ಒಳಗೆ ಚಾರ್ಜಿಗಿತ್ತು, ಅದರಲ್ಲಿ ಎರಡು ಗಂಟೆಗೊಮ್ಮೆ ಹೊಡೆಯಲು ಇಟ್ಟಿದ್ದ ಅಲಾರಾಂ ಯಾರಿಗೂ ಕೇಳಲಿಲ್ಲ. ನಾನು ಕಾಫಿ ತರುವಷ್ಟರಲ್ಲಿ ಅವರ ಬಿಳಿ ಪಂಚೆ ಒದ್ದೆಯಾಗಿ, ನೀರು ಜಗಲಿಯ ಮೇಲೆ ಹರಿದಿತ್ತು. ನೆಂಟರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ತಟ್ಟೆ ಅಲ್ಲೇ ಇಟ್ಟು, ಬಟ್ಟೆ ತಂದು ಒರೆಸಿ, ಕಾಫಿ ಆರುತ್ತೆ ಕುಡೀರಿ ಅಂದೆ.

ಅವತ್ತಿನಿಂದ ಅವರು ಹೊಸಿಲು ದಾಟಲಿಲ್ಲ. ಬಂದವರ ದನಿ ಕೇಳಿದರೆ ನಡುಮನೆಯಿಂದ ಎದ್ದು ಕೋಣೆಗೆ ಹೋಗುತ್ತಿದ್ದರು. ಅಷ್ಟರಲ್ಲಿ ಅಟ್ಟದ ಕಾಯಿ ಇಳಿಸುವ ಕಾಲ ಬಂತು. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತೇವೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿ ತೆಗೆಯುವುದು. ಯಜಮಾನರು ಒಂದು ವರ್ಷವೂ ಬಾಗಿಲಿಗೆ ಬರುವ ವ್ಯಾಪಾರಿಗೆ ಕೊಟ್ಟವರಲ್ಲ. ತಿಪಟೂರಿಗೇ ಒಯ್ದು, ಮಂಡಿಯಲ್ಲಿ ತಾವೇ ನಿಂತು, ಚೀಲ ಬಿಚ್ಚಿಸಿ, ಕೊಬ್ಬರಿಯ ಗುಣ ವಾದಿಸಿ ಮಾರಬೇಕು. ಅವರ ಗತ್ತೆಲ್ಲ ಅದರಲ್ಲಿತ್ತು. ಅಂಥವರು ಕೋಣೆಯಿಂದಲೇ, ಈ ಸಲ ಬಾಗಿಲಿಗೆ ಬರೋನಿಗೇ ಕೊಟ್ಟುಬುಡು ಅಂದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ವರ್ಷ ಬಾಗಿಲಲ್ಲಿ ಕೊಟ್ಟರೆ ಮುಂದಿನ ವರ್ಷ ಅಟ್ಟಕ್ಕೂ ಹತ್ತುವುದಿಲ್ಲ, ಅದರ ಮುಂದಿನ ವರ್ಷ ಕೋಣೆಯಿಂದಲೇ ಬರುವುದಿಲ್ಲ. ಆಪರೇಷನ್ ಮಾಡಿಸಿ ಉಳಿಸಿಕೊಂಡದ್ದು ಇದಕ್ಕಾ? ವ್ಯಾಪಾರಿಗೆ ಫೋನು ಮಾಡುವುದಿಲ್ಲ ಅಂದೆ. ನೀವೇ ತಿಪಟೂರಿಗೆ ಬರಬೇಕು, ನಾನೂ ಜೊತೆಗೆ ಬರುತ್ತೇನೆ ಅಂದೆ. ಅವರಿಗೂ ರೇಗಿತು.

"ದಾರೀಲಿ ಎಲ್ಲಿ ಹೋಗ್ಲಿ? ಮಂಡೀಲಿ ಎಲ್ಲಿ ಹೋಗ್ಲಿ? ಜಾಗ ಎಲ್ಲೈತೆ ಹೇಳು."

"ಮೂವತ್ತೊಂದು ವರ್ಷದಿಂದ ಇದನ್ನೇ ಕೇಳ್ಕಂಡು ನಾನು ಬಸ್ ಹತ್ತಿದೀನಿ ಕಣ್ರೀ," ಅಂದೆ.

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ತಿಪಟೂರಿಗೆ ಹೋಗುವ ದಿನ ಬೆಳಿಗ್ಗೆ ಕಾಫಿ ಬಿಡುವುದು, ನೆತ್ತಿ ಸುಡುವ ಬಿಸಿಲಲ್ಲೂ ನೀರು ಮುಟ್ಟದಿರುವುದು, ಬಸುರಿಯಾಗಿದ್ದಾಗ ತವರಿನಿಂದ ಬರುತ್ತಾ ಕಣ್ಣಲ್ಲಿ ನೀರು ಬರುವವರೆಗೆ ತಡೆದುಕೊಂಡದ್ದು, ಛತ್ರಗಳಲ್ಲಿ ಇನ್ನೊಬ್ಬಳನ್ನು ಕಾವಲಿಗೆ ಕರೆದುಕೊಂಡು ಹೋಗುವುದು, ಎಲ್ಲ ಹೇಳಿದೆ. ಪಕ್ಕದಲ್ಲೇ ಕೂತು ನಿದ್ದೆ ಮಾಡಿದ್ದೀರಿ, ಬಸ್ಸು ನಿಂತಾಗ ಇಳಿದು ಮರದ ಹತ್ತಿರ ಹೋಗಿ ಬಂದಿದ್ದೀರಿ, ಒಂದು ದಿನ ನನ್ನನ್ನು ಕೇಳಲಿಲ್ಲ ಅಂದೆ. ಕಾಯಿಲೆಯವರ ಹತ್ತಿರ ಹೀಗೆ ಮಾತಾಡಬಾರದು ಅಂತ ಗೊತ್ತಿತ್ತು. ಆದರೂ ಆಡಿದೆ.



"ಹೇಳ್ಬೇಕಿತ್ತು," ಅಂದರು.

"ಕೇಳ್ಬೇಕಿತ್ತು," ಅಂದೆ.

ಮುಂದಿನ ವಾರ ಕೊಬ್ಬರಿ ಮೂಟೆಗಳು ಲಗೇಜ್ ಆಟೋದಲ್ಲಿ ಮುಂದೆ ಹೋದವು. ಡ್ರೈವರ್ ಪಕ್ಕ ಒಬ್ಬರಿಗಷ್ಟೇ ಜಾಗ, ನನ್ನನ್ನು ಬಿಟ್ಟು ಹೋಗುವ ಧೈರ್ಯ ಯಜಮಾನರಿಗಿರಲಿಲ್ಲ. ಹೊರಡುವ ಮೊದಲು ಬಚ್ಚಲಿಗೆ ಹೋಗಿ ಬಂದು, ಹೊಸ ಪ್ಯಾಡ್ ಹಾಕಿಕೊಂಡು, ಪಂಚೆ ಬಿಟ್ಟು ಪ್ಯಾಂಟು ತೊಟ್ಟು ನನ್ನ ಜೊತೆ ಬಸ್ ಹತ್ತಿದರು. ಕೈಚೀಲದಲ್ಲಿ ಇನ್ನೊಂದು ಪ್ಯಾಂಟು, ಎರಡು ಪ್ಯಾಡು, ನೀರಿನ ಬಾಟಲಿ ಇಟ್ಟುಕೊಂಡೆ.

ಮಂಡಿಯ ಹಿಂದೆ ಒಂದು ಶೌಚಾಲಯವಿತ್ತು. ಬಾಗಿಲಿಗೆ ಅಗುಳಿ ಇರಲಿಲ್ಲ. ನಿಂತು ಹೋಗುವವರಿಗೆ ಅಗುಳಿ ಯಾಕೆ ಬೇಕು? ಯಜಮಾನರು ಅಲ್ಲಿಂದಲೇ ವಾಪಸು ಹೊರಟರು. ನಾನು ಅವರನ್ನು ಒಳಗೆ ಕಳಿಸಿ, ಬಾಗಿಲು ಎಳೆದು ಹಿಡಿದು ನಿಂತೆ. ಹಮಾಲಿಗಳು, ರೈತರು ಬಂದು ನನ್ನನ್ನು ನೋಡಿ ತಡವರಿಸಿದರು. ಒಬ್ಬ ಹಿರಿಯರು, ಇದು ಗಂಡಸರದಮ್ಮ ಅಂತ ತಿಳಿಸಿ ಹೇಳಿದರು. "ಒಳಗಿರೋದೂ ಗಂಡಸ್ರೇ ಕಣ್ರೀ. ಅಗುಳಿ ಇಲ್ಲ, ಅದಕ್ಕೆ ನಾನಿದೀನಿ," ಅಂದೆ. ಅವರು ನಗಲಿಲ್ಲ, ಹೋಗಿ ಬೇವಿನ ಮರದ ಕೆಳಗೆ ಕಾದರು. ಅವತ್ತು ಹಾಗೆ ಮೂರು ಸಲ ಬಾಗಿಲು ಹಿಡಿದೆ.

ಮಂಡಿಯಲ್ಲಿ ಯಜಮಾನರು ಮೊದಲು ಮೂಲೆಯಲ್ಲಿ ಕೂತಿದ್ದರು. ಯಾಕಣ್ಣ ಇಳಿದುಹೋಗಿದ್ದೀಯ ಅಂತ ಕೇಳಿದವರಿಗೆ ಶುಗರ್ ಅಂದರು. ನಮ್ಮಲ್ಲಿ ಶುಗರಿಗೆ ಮರ್ಯಾದೆಯಿದೆ. ಅವರ ಹೊಟ್ಟೆ, ಅವರ ಮಾತು, ನಾನು ಬಾಯಿ ಹಾಕಲಿಲ್ಲ. ಆಮೇಲೆ ಯಾರೋ ನಮ್ಮ ಚೀಲಕ್ಕೆ ಕೈ ಹಾಕಿ ಉಂಡೆಯೊಂದನ್ನು ಎತ್ತಿ, ಹಸಿ ಇದೆಯಲ್ಲ ಅಂದ. ಅಷ್ಟು ಸಾಕಾಯಿತು. ಎದ್ದು ಹೋಗಿ, ಉಂಡೆಯನ್ನು ಅವನ ಕೈಯಿಂದ ಕಿತ್ತು, ಒಡೆದು, ಅವನ ಮೂಗಿಗೆ ಹಿಡಿದು ಒಂದು ಗಂಟೆ ವಾದ ಮಾಡಿದರು. ಅವರ ದನಿ ಮಂಡಿಯ ಆಚೆಗೆ ಕೇಳುತ್ತಿತ್ತು. ಚೀಲದ ಮೇಲೆ ಕೂತಿದ್ದ ನನಗೆ ಆಗ ಕಣ್ಣು ತುಂಬಿ ಬಂತು.

ವಾಪಸು ಬರುವಾಗ ಖಾಸಗಿ ಬಸ್ಸು ಜನ ತುಂಬುವವರೆಗೂ ಹೊರಡಲಿಲ್ಲ. ಅರ್ಧ ದಾರಿಯಲ್ಲೇ ಅಲಾರಾಂ ಹೊಡೆಯಿತು. ಅವರು ಜೇಬಿನ ಮೇಲೆ ಕೈ ಅದುಮಿ, ಊರಿಗೋಗಿ ನೋಡಿಕೊಳ್ಳೋಣ ಅಂದರು. ಊರು ಇನ್ನೂ ಮುಕ್ಕಾಲು ಗಂಟೆ ದೂರವಿತ್ತು. ನಾನು ಎದ್ದು ಕಂಡಕ್ಟರಿಗೆ ನಿಲ್ಲಿಸಲು ಹೇಳಿದೆ. ಮುಂದೆ ಚಿಕ್ಕನಾಯಕನಹಳ್ಳಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಅಲ್ಲಿಯವರೆಗೆ ತಡೆದುಕೊಳ್ಳಲಿ ಅಂದ. ಆಪರೇಷನ್ ಆಗಿದೆ, ತಡೆಯುವ ಹಾಗಿಲ್ಲ ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿ ಬಾಗಿಲ ಹತ್ತಿರ ನಿಂತೆ. ಒಂದು ತೋಟದ ಪಕ್ಕ ಬಸ್ಸು ನಿಂತಿತು.

ಯಜಮಾನರು ತಲೆ ತಗ್ಗಿಸಿ ಇಳಿದರು. ನಿಂತುಕೊಂಡು ಬೇಗ ಮುಗಿಸಪ್ಪ ಅಂತ ಹಿಂದಿನಿಂದ ಯಾರೋ ಕೂಗಿದರು. ಅವರು ಬೇಲಿ ದಾಟಿ ಮರಗಳ ಹಿಂದೆ ಹೋದರು, ನಾನು ಬೆನ್ನು ಹಾಕಿ ರಸ್ತೆಯ ಬದಿ ನಿಂತೆ. ಕೂತು, ಹೊಟ್ಟೆ ಅದುಮಿ ಪೂರ್ತಿ ಖಾಲಿ ಮಾಡಲು ಅವರಿಗೆ ಐದು ನಿಮಿಷ ಬೇಕು. ಡ್ರೈವರ್ ಎರಡು ಸಲ ಹಾರನ್ ಹೊಡೆದ. ನಾನು ಅವನನ್ನೇ ದುರುಗುಟ್ಟಿ ನೋಡುತ್ತಾ ನಿಂತೆ, ಮೂರನೆಯ ಸಲ ಹೊಡೆಯಲಿಲ್ಲ.

ಯಜಮಾನರು ಬಂದು ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ಆದರೆ ಹತ್ತಲಿಲ್ಲ. ಕಂಬಿ ಹಿಡಿದು ಒಳಗೆ ನೋಡಿದರು.

"ಹೆಂಗಸ್ರು ಯಾರಾದ್ರೂ ಇಳ್ಯಂಗಿದ್ರೆ ಇಳೀರವ್ವ," ಅಂದರು. "ನಾನು ಹತ್ತೋಗಂಟ ಬಸ್ ಹೊರಡಲ್ಲ."

ಬಸ್ಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಮುಂದಿನ ಸೀಟಿನಿಂದ ಒಬ್ಬ ಅಜ್ಜಿ ಎದ್ದು, ಇವರ ಕೈ ಹಿಡಿದು ಮೆಲ್ಲಗೆ ಇಳಿದರು. ಅವರ ಹಿಂದೆ ಕಂಕುಳಲ್ಲಿ ಮಗುವಿದ್ದ ಹೆಂಗಸು ಮಗುವನ್ನು ಪಕ್ಕದವರಿಗೆ ಕೊಟ್ಟು ಇಳಿದಳು. ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು, ಇನ್ನೂ ಮೂವರು. ಗಂಡಸರು ಫೋನು ನೋಡಿಕೊಂಡು ಕೂತರು. ಡ್ರೈವರ್ ಎಂಜಿನ್ ಆರಿಸಿದ.

ಯಜಮಾನರು ಬಸ್ಸಿನ ಬಾಗಿಲು ಬಿಟ್ಟು, ತೋಟಕ್ಕೆ ಬೆನ್ನು ಮಾಡಿ, ನಾನು ನಿಂತಿದ್ದ ಜಾಗದಲ್ಲಿ ಬಂದು ನಿಂತರು. ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

"ಬೆಳಿಗ್ಗೆಯಿಂದ ನೀನು ಹೋಗಿಲ್ಲ," ಅಂದರು. "ಹೋಗ್ಬಾ ಕಣೇ. ನಾನಿಲ್ಲಿ ನಿಂತಿರ್ತೀನಿ."

ನಾನು ಬೇಲಿ ದಾಟಿ ಹೋದೆ.