ಸುಣ್ಣಕಟ್ಟಿದ ಹುಳು

ಸಕ್ಕರೆ ಕಾಯಿಲೆಯ ಅಮ್ಮನ ಬಲಗಾಲಿನ ಹುಣ್ಣಿಗೆ ಯಾವ ಔಷಧಿಯೂ ನಾಟುತ್ತಿರಲಿಲ್ಲ. ಚಿಂತಾಮಣಿಯ ಆಸ್ಪತ್ರೆಯಲ್ಲಿ ಕೀವಿನ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಆಂಟಿಬಯೋಟಿಕ್‌ಗಳ ಹೆಸರುಗಳು ಸಾಲಾಗಿದ್ದವು, ಪ್ರತಿಯೊಂದರ ಮುಂದೆಯೂ ಪ್ರಯೋಜನವಿಲ್ಲವೆಂಬ ಗುರುತು. ಹೊಸ ಆಂಟಿಬಯೋಟಿಕ್ ಹುಡುಕುವುದೇ ನನ್ನ ಕೆಲಸ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಬೂಷ್ಟು ಬೆಳೆಸುತ್ತ ಕೂತಿದ್ದೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ನೀರಿನ ಬಾನಿಯೊಳಗೆ ಬಿತ್ತು ಎಂದು ನನ್ನನ್ನು ನಾನೇ ಹಂಗಿಸಿಕೊಳ್ಳುತ್ತಿದ್ದೆ.

ಆ ಮಳೆಗಾಲ, ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ, ಕೆಂಚಾರ್ಲಹಳ್ಳಿಯ ನಮ್ಮ ಮನೆಯ ರೇಷ್ಮೆಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಮೈಯೊಳಗೆ ಬೂಷ್ಟು ಬೆಳೆದು ಹುಳು ಸಾಯುತ್ತದೆ, ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಒಂದನ್ನು ಸೀಸೆಗೆ ಹಾಕಿಕೊಂಡೆ. ಉಳಿದವನ್ನೆಲ್ಲ ಆರಿಸಿ ಸುಟ್ಟು, ಹುಳುಮನೆಯಿಡೀ ಬ್ಲೀಚಿಂಗ್ ನೀರು ಹಾಕಿ ತೊಳೆದು ಸುಣ್ಣದ ಪುಡಿ ಎರಚಿದೆ. ಅಮ್ಮ ಚಿಕ್ಕಂದಿನಿಂದ ಕಲಿಸಿದ ಪಾಠ ಅದು: ಸತ್ತ ಹುಳು ಹೊತ್ತು ಮುಳುಗುವುದರೊಳಗೆ ಬೂದಿಯಾಗಬೇಕು.

ಪ್ರಯೋಗಾಲಯದಲ್ಲಿ ಆ ಬೂಷ್ಟನ್ನು ಅಮ್ಮನ ಹುಣ್ಣಿನಲ್ಲಿದ್ದಂಥದೇ ಬ್ಯಾಕ್ಟೀರಿಯಾದ ನಡುವೆ ಇಟ್ಟೆ. ಎರಡು ದಿನದಲ್ಲಿ ಅದರ ಸುತ್ತ ಎಂಟಾಣೆಯಗಲ ಬ್ಯಾಕ್ಟೀರಿಯಾವೇ ಇರಲಿಲ್ಲ. ಆ ಸಂತೋಷದಲ್ಲಿ ಅಮ್ಮನಿಗೆ ಫೋನು ಮಾಡಿ ಹೇಳಿಬಿಟ್ಟೆ. ಇಂಥದ್ದು ಔಷಧಿಯಾಗಲು ಹತ್ತು ವರ್ಷವಾದರೂ ಹಿಡಿಯುತ್ತದೆ, ಬಹುಪಾಲು ಆಗುವುದೇ ಇಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಪಾದ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅಮ್ಮ ಒಪ್ಪಲಿಲ್ಲ. "ನನ್ ಮಗಳು ಮದ್ದು ಮಾಡ್ತಾವ್ಳೆ ಸ್ವಾಮಿ, ಒಂದಷ್ಟು ದಿನ ತಾಳಿ" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಷ್ಟರಲ್ಲಿ ಬೂಷ್ಟು ಬ್ಯಾಕ್ಟೀರಿಯಾ ಕೊಲ್ಲುವ ತನ್ನ ಗುಣ ಬಿಟ್ಟಿತು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಿಸುತ್ತ ಹೋದಂತೆ ಕೆಲವು ಹಾಗೆ ಮಾಡುತ್ತವೆ. ತಂದಿದ್ದ ಒಂದೇ ಹುಳು ಮೊದಲ ಪರೀಕ್ಷೆಗೇ ಮುಗಿದಿತ್ತು. ಊರಿಗೆ ಓಡಿದೆ. ಹುಳುಮನೆಯ ಮೂಲೆ ಮೂಲೆ ಕೆರೆದರೂ ಬರಿಯ ಸುಣ್ಣದ ಪುಡಿ. ಒಂದನ್ನೂ ಬಿಡದಂತೆ ಸುಟ್ಟವಳು ನಾನೇ. ಬೂಷ್ಟಿನ ಸಂಬಳ ತಿನ್ನುವವಳಿಗೆ ಇನ್ನೆರಡು ಹುಳು ಎತ್ತಿಡಬೇಕೆಂದು ತೋಚಿರಲಿಲ್ಲ.

ತಾಳಿದ್ದಕ್ಕೆ ಪಾದದ ಬದಲು ಕಾಲು ತೊಡೆಯವರೆಗೆ ಹೋಯಿತು.

ವಾರ್ಡಿನಲ್ಲಿ ಅಮ್ಮ ಮೊದಲು ಕೇಳಿದ್ದು ಹುಳುವಿನ ಮಾತು. "ಮಿಕ್ಕಿದ್ದೆಲ್ಲ ಏನ್ ಮಾಡ್ದೆ?"

"ಅವತ್ತೇ ಸುಟ್ಬಿಟ್ಟೆ ಕಣಮ್ಮ."

"ಒಳ್ಳೇದ್ ಮಾಡ್ದೆ. ಅಕ್ಕಪಕ್ಕದೋರ ಹುಳನಾದ್ರೂ ಉಳೀತು."

ಆಮೇಲೆ ಹೊದಿಕೆ ಸರಿಸಿ ಎಡಗಾಲು ತೋರಿಸಿದಳು. ಹೆಬ್ಬೆರಳಿನ ಪಕ್ಕ ಕಪ್ಪಾಗಿತ್ತು. "ಇದಕ್ಕಾದ್ರೂ ಬೇಗ ಮಾಡವ್ವ" ಎಂದಳು.

ಮಾಡ್ತೀನಿ ಎಂದೆ.